ಕೊಬ್ಬರಿ ಸಾಹುಕಾರರ ಚಿನ್ನದ ಹಲ್ಲು

ಹೊಸದುರ್ಗದ ಕೊಬ್ಬರಿ ಸಾಹುಕಾರ ಗಂಗಾಧರಪ್ಪನವರಿಗೆ ದೇವರು ಯಾವುದರಲ್ಲೂ ಕಡಿಮೆ ಮಾಡಿರಲಿಲ್ಲ. ಪೇಟೆಬೀದಿಯಲ್ಲಿ ಮಳಿಗೆ, ಹಿಂದೆ ತೊಟ್ಟಿಮನೆ, ಮನೆ ತುಂಬ ಓಡಾಡುವ ಹೆಂಡತಿ ಮರುಳಸಿದ್ದಮ್ಮ, ಹೊಳಲ್ಕೆರೆಯ ದೊಡ್ಡ ಮನೆತನಕ್ಕೆ ಕೊಟ್ಟ ಮಗಳು ಅನ್ನಪೂರ್ಣೆ, ತಲೆಯ ಮೇಲೆ ಸರಿಗೆ ರುಮಾಲು, ರುಮಾಲಿನ ಕೆಳಗೆ ಊರಿಗೆಲ್ಲ ಹಂಚಿದರೂ ಮಿಗುವಷ್ಟು ಅಭಿಮಾನ. ಕಡಿಮೆ ಮಾಡಿದ್ದು ಹಲ್ಲಿನಲ್ಲಿ ಮಾತ್ರ. ಅದರಲ್ಲೂ ಮೇಲುಸಾಲಿನ ನಟ್ಟನಡುವಿನ ಎರಡು ಹಲ್ಲುಗಳಲ್ಲಿ.

(ಹಾಗೆ ನೋಡಿದರೆ ಇದರಲ್ಲಿ ದೇವರ ತಪ್ಪೇನೂ ಇಲ್ಲ. ಅದು ಅವರ ಸ್ವಯಾರ್ಜಿತ.) ಕೊಬ್ಬರಿ ಗಿಟುಕು ಒಣಗಿದೆಯೋ ಹಸಿಯಿದೆಯೋ ನೋಡಲು ಬೇರೆ ವ್ಯಾಪಾರಿಗಳು ಉಗುರೊತ್ತಿ ನೋಡುತ್ತಾರೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗಂಗಾಧರಪ್ಪನವರು ಕಚ್ಚುತ್ತಿದ್ದರು. "ನಾಲಿಗೆಗೆ ಮೋಸ ಮಾಡೋ ಕೊಬ್ಬರಿ ಇನ್ನೂ ಹುಟ್ಟಿಲ್ಲ" ಎಂಬುದು ಅವರ ಹೆಮ್ಮೆ. ಮೂವತ್ತು ವರ್ಷ ಹೀಗೆ ಕಚ್ಚಿ ಕಚ್ಚಿ ಒಂದು ಹಲ್ಲಿನ ಮೂಲೆ ಮುರಿದಿತ್ತು, ಇನ್ನೊಂದು ಸವೆದು ಓರೆಯಾಗಿತ್ತು. ಮೇಲೆ ಎಲೆ, ಅಡಿಕೆ, ಹೊಗೆಸೊಪ್ಪು ಸೇರಿ ಬಣ್ಣ ಬಳಿದಿದ್ದವು.

ಇದ್ದರೆ ಇರಲಿ ಎಂದು ಅವರು ಸುಮ್ಮನಿರುತ್ತಿದ್ದರೋ ಏನೋ. ಆದರೆ ಮಗಳ ಮದುವೆಯಲ್ಲಿ, ಬೀಗರ ಊಟದ ಹೊತ್ತಿಗೆ, ಹೊಳಲ್ಕೆರೆಯ ಹೆಂಗಸರು ಸಾಲಾಗಿ ನಿಂತು ಬೀಗರನ್ನು ಛೇಡಿಸುವ ಹಾಡು ಶುರು ಮಾಡಿದರು. "ಬೀಗರ ಬಾಯಾಗೆ ಹುಣಿಸೇ ಬೀಜ, ಎಣಿಸಾಕೆ ಬಂದೀವಿ ನಗಬ್ಯಾಡ್ರಿ." ಪಂಕ್ತಿಗೆ ಪಂಕ್ತಿಯೇ ಹೋಳಿಗೆ ಕೆಳಗಿಟ್ಟು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಬೀಗ ಪರಮೇಶ್ವರಪ್ಪ. ಅವರ ಹಲ್ಲೋ, ಜೋಡಿಸಿಟ್ಟ ಮಲ್ಲಿಗೆ ಮೊಗ್ಗು. ಆವತ್ತಿನಿಂದ ಗಂಗಾಧರಪ್ಪನವರು ನಗುವಾಗ ಹೆಗಲ ವಲ್ಲಿಯನ್ನು ಬಾಯಿಗೆ ಅಡ್ಡ ಹಿಡಿಯತೊಡಗಿದರು.

ಮಗಳು ಮೊದಲ ಹೆರಿಗೆಗೆ ತವರಿಗೆ ಬಂದಾಗ ಬೀಗರಿಂದ ಒಂದು ಸುದ್ದಿಯೂ ಜೊತೆಗೇ ಬಂತು. ಕೂಸು ಹುಟ್ಟಿ ತೊಟ್ಟಿಲಿಗೆ ಹಾಕುವ ದಿನ ಚಿತ್ರದುರ್ಗದಿಂದ ಫೋಟೋ ನಾಯ್ಡುವನ್ನು ಕರೆಸುತ್ತಾರಂತೆ. (ಮಾರಿಕಣಿವೆಗೆ ಹೊಸದಾಗಿ ಕಟ್ಟೆ ಕಟ್ಟಿದಾಗ ಗುಡ್ಡ ಹತ್ತಿ ಪಟ ತೆಗೆದ ಆಸಾಮಿ.) ಎರಡೂ ಕಡೆಯ ಬೀಗರು ಕೂಸನ್ನು ನಡುವೆ ಇಟ್ಟುಕೊಂಡು ಕೂರಬೇಕಂತೆ. ಆ ಪಟವನ್ನು ಹೊಳಲ್ಕೆರೆಯ ಪಡಸಾಲೆಯಲ್ಲಿ, ತಲೆಬಾಗಿಲಿಗೆ ನೇರವಾಗಿ ತೂಗುಹಾಕುತ್ತಾರಂತೆ.

ಗಂಗಾಧರಪ್ಪನವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಹಾಡಾದರೆ ಹಾಡಿದವರ ಬಾಯಲ್ಲೇ ಸಾಯುತ್ತದೆ. ಪಟ ಹಾಗಲ್ಲ. ಹೊಳಲ್ಕೆರೆಗೆ ಬಂದು ಹೋಗುವ ಜನವೆಲ್ಲ ನೋಡುತ್ತದೆ, ಹುಟ್ಟಲಿರುವ ಮೊಮ್ಮಗನ ಮಕ್ಕಳೂ ನೋಡುತ್ತವೆ. ಬಾಯಿ ಮುಚ್ಚಿ ಕೂತರೆ 'ಹುಣಿಸೇ ಬೀಜ ಮುಚ್ಚಿಟ್ಕಂಡವ್ರೆ' ಎನ್ನುತ್ತಾರೆ. ತೆರೆದು ಕೂತರೆ ಎಣಿಸುತ್ತಾರೆ.

"ಲೇ, ಹಲ್ಲು ಸರಿ ಮಾಡಿಸ್ಕಂತೀನಿ" ಎಂದು ಅವರು ಆವತ್ತೇ ಹೆಂಡತಿಗೆ ಘೋಷಿಸಿದರು.

"ನಿಮಗೇನು ಹೊಸ ಮದುವೆನಾ?" ಎಂದರು ಮರುಳಸಿದ್ದಮ್ಮ ಅಕ್ಕಿ ಆರಿಸುತ್ತ. "ನಮ್ಮಪ್ಪನ್ನ ನೋಡಿದ್ರಲ್ಲ. ದಿನಾ ಹೊಂಗೆ ಕಡ್ಡೀಲಿ ಉಜ್ಜೋನು. ಎಪ್ಪತ್ತೆರಡನೇ ವಯಸ್ಸಿಗೆ ಕಬ್ಬು ಸಿಗಿದು ತಿಂತಿದ್ದ. ಸಾಯೋ ದಿನಾನೂ ಮೂವತ್ತೆರಡಕ್ಕೆ ಮೂವತ್ತೆರಡೂ ಇದ್ವು."

ಮಾವನವರ ಈ ಮೂವತ್ತೆರಡು ಹಲ್ಲಿನ ಕಥೆಯನ್ನು ಗಂಗಾಧರಪ್ಪನವರು ಮದುವೆಯಾದ ವರ್ಷದಿಂದ ಕೇಳುತ್ತ ಬಂದಿದ್ದರು. ಆ ಮಹಾನುಭಾವ ತೀರಿಕೊಂಡು ಹನ್ನೆರಡು ವರ್ಷವಾದರೂ ಅವನ ಹಲ್ಲು ಮಾತ್ರ ಈ ಮನೆಯಲ್ಲಿ ಇನ್ನೂ ಜೀವಂತವಾಗಿದ್ದವು.

ದಂತೋದ್ಧಾರದ ಮೊದಲ ಹೆಜ್ಜೆಯಾಗಿ ಅವರು ಹಿರಿಯೂರಿನ ಸಂತೆಗೆ ಹೋದರು. ಅಲ್ಲೊಬ್ಬ ಹಲ್ಲಿನ ಹಕೀಮ ಕಂಬಳಿ ಹಾಸಿ, ಕಿತ್ತ ಹಲ್ಲುಗಳನ್ನು ಗುಡ್ಡೆ ಹಾಕಿಕೊಂಡು, ಸೀಸೆಯೊಂದನ್ನು ಎತ್ತಿ ಹಿಡಿದು, ಇದನ್ನು ಬಟ್ಟೆಗೆ ಹಚ್ಚಿ ತಿಕ್ಕಿದರೆ ಹಲ್ಲು ಹಾಲಿನಂತಾಗುತ್ತದೆ ಎಂದು ಕೂಗುತ್ತಿದ್ದ. ಪಕ್ಕದ ಕಂಬಳಿ ವ್ಯಾಪಾರಿ ಬೋರಣ್ಣ ಗಂಗಾಧರಪ್ಪನವರ ತೋಳು ಹಿಡಿದು ಆಚೆ ಎಳೆದ. "ಬ್ಯಾಡ್ರಿ ಸಾವ್ಕಾರ್ರೆ. ಹೋದ ಸಂತೇಲಿ ನಾನು ತಿಕ್ಕಿಸ್ಕಂಡೆ. ಒಂದಿನ ಬೆಳ್ಳಗಿದ್ವು. ಆಮೇಲೆ ವಸಡು ಊದಿ ಎಂಟು ದಿನ ಬರೀ ಗಂಜಿ" ಎಂದು ಬಾಯಿ ತೆರೆದು ತೋರಿಸಿದ. ತೋರಿಸಿದ್ದನ್ನು ನೋಡಿ ಸಾಹುಕಾರರು ಸೀದಾ ಗಾಡಿ ಹತ್ತಿದರು.

ಎರಡನೆಯ ಹೆಜ್ಜೆ ದೊಡ್ಡದು. ಹೊಸದುರ್ಗ ರೋಡಿನಲ್ಲಿ ರೈಲು ಹತ್ತಿ ಬೆಂಗಳೂರು ದಂಡಿಗೆ ಹೋದರು. ಅಲ್ಲಿ ಹಲ್ಲು ನೋಡುವ ಬಿಳಿ ದೊರೆ ಡಾಕ್ಟರ ಮೇಜಿನ ಮೇಲೆ ಒಂದು ಗಾಜಿನ ಬಟ್ಟಲು, ಬಟ್ಟಲಿನ ನೀರಿನಲ್ಲಿ ಒಂದು ಇಡೀ ಜೊತೆ ಹಲ್ಲು, ಮುಖವಿಲ್ಲದೆ, ಮೈಯಿಲ್ಲದೆ, ತಾನೇ ತಾನಾಗಿ ನಗುತ್ತಿತ್ತು. ಗಂಗಾಧರಪ್ಪನವರು ಕೈ ಮುಗಿದುಬಿಟ್ಟರು. ಅಲ್ಲಿನ ಗುಮಾಸ್ತ ಕನ್ನಡದಲ್ಲಿ ಬಿಡಿಸಿ ಹೇಳಿದ. ಮೊದಲು ಇರುವ ಹಲ್ಲು ಕೀಳಬೇಕು. ಆಮೇಲೆ ಪಿಂಗಾಣಿಯ ಹಲ್ಲು ಕೂರಿಸಬಹುದು. ಹಿಂದಿನ ಕಾಲದಲ್ಲಿ ಆನೆಯ ದಂತದಲ್ಲೂ ಮೂಳೆಯಲ್ಲೂ ಮಾಡುತ್ತಿದ್ದರು. ಮೂಳೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸಾಹುಕಾರರು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು ಮೆಟ್ಟಿಲಿಳಿದರು.

ಆದರೂ ಆ ಹಲ್ಲಿನ ಬಿಳುಪು ಕಣ್ಣಿಗೆ ಕಟ್ಟಿತ್ತು. ಊರಿಗೆ ಬಂದವರೇ ಮೆಲ್ಲನೆ ವಿಷಯ ತೆಗೆದರು. "ಎಲ್ಲಾ ಮೂಳೇದಲ್ಲ ಕಣೆ, ಪಿಂಗಾಣಿದೂ ಐತೆ."

"ಅಯ್ಯೋ ಶಿವನೆ! ಪಿಂಗಾಣಿ ಬಟ್ಲಾಗೆ ಕಾಫಿ ಕುಡಿದ್ರೇನೇ ಮಠದ ಅಯ್ನೋರು ಮುಖ ಗಂಟು ಹಾಕ್ಕಂತಾರೆ. ನೀವು ಬಟ್ಲನ್ನೇ ಬಾಯಾಗಿಟ್ಕಂಡು ಲಿಂಗಪೂಜೆಗೆ ಕುಂತ್ಕಂತೀರಾ? ಹಂಗೇನಾರ ಮಾಡಿದ್ರೆ ನಿಮ್ಮ ಎಡೆ ಜಗಲಿ ಮೇಲೆ."

ಪಿಂಗಾಣಿ ಹೋಯಿತು. ಉಳಿದದ್ದು ಚಿನ್ನ. ಚಿನ್ನಕ್ಕೆ ಮೈಲಿಗೆಯಿಲ್ಲ, ಯಾವ ಅಯ್ಯನವರೂ ಎದುರಾಡುವಂತಿಲ್ಲ. ಬೀಗರ ಮಲ್ಲಿಗೆ ಮೊಗ್ಗು ಎಷ್ಟೇ ಬೆಳ್ಳಗಿರಲಿ, ಬಿಳುಪನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ಬಂಗಾರವನ್ನು ಎಲ್ಲರೂ ಇಟ್ಟುಕೊಳ್ಳಲಾಗದು. ಗಂಗಾಧರಪ್ಪನವರಿಗೆ ತಮ್ಮ ಬುದ್ಧಿಯ ಬಗ್ಗೆ ತಮಗೇ ಗೌರವ ಹುಟ್ಟಿತು.

ದುರ್ಗದ ಅಕ್ಕಸಾಲಿ ಕಾಳಾಚಾರಿ ಅವರ ಹಲ್ಲಿಗೆ ಜೇನುಮೇಣ ಒತ್ತಿ ಅಚ್ಚು ತೆಗೆದುಕೊಂಡ. ತೆಳ್ಳಗೆ ಬಡಿದ ಚಿನ್ನದಿಂದ ಎರಡು ಗವಸು ಮಾಡಿ, ಗುಂಡಿನ ಸರಕ್ಕೆ ತುಂಬುವಂತೆ ಒಳಗೆ ಅರಗು ತುಂಬಿ, ಹಲ್ಲಿನ ಮೇಲೆ ಒತ್ತಿ ಕೂರಿಸಿದ. ಅರಗಿನ ಬಿಸಿಗೆ ಸಾಹುಕಾರರು ಕೂತಲ್ಲೇ ಎರಡು ಸಲ ಎದ್ದರು. ಆಚಾರಿ ಎರಡು ಕಟ್ಟಳೆ ಹಾಕಿದ. "ಬಿಸಿ ಪದಾರ್ಥ ಬಾಯಿಗಿಡಬ್ಯಾಡ್ರಿ, ಅರಗು ಕರಗ್ತೈತೆ. ಅಡಿಕೆ ಕಡೀಬ್ಯಾಡ್ರಿ, ಚಿನ್ನ ನುಗ್ಗಾಗ್ತೈತೆ."

ಚಿನ್ನ ಎಲ್ಲಿಂದ ಬಂತು ಎಂಬುದನ್ನು ಗಂಗಾಧರಪ್ಪನವರು ಮನೆಯಲ್ಲಿ ಹೇಳಿರಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಮರುಳಸಿದ್ದಮ್ಮ ಗಂಡನ ಬಾಯಿ ನೋಡಿದರು, ಆಮೇಲೆ ಗಂಡನ ಬೆರಳು ನೋಡಿದರು.

"ನಮ್ಮಪ್ಪ ಧಾರೆ ದಿನ ಹಾಕಿದ ಉಂಗುರ ಎಲ್ಲಿ?"

"ಎಲ್ಲೂ ಹೋಗಿಲ್ಲ ಕಣೆ, ಮೈಮೇಲೇ ಐತೆ" ಎಂದು ಸಾಹುಕಾರರು ನಕ್ಕು ತೋರಿಸಿದರು.

ಮರುಳಸಿದ್ದಮ್ಮ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಆಡಿದ ಮೊದಲ ಮಾತು, "ಮುದ್ದೆ ಆರೈತೆ, ಉಣ್ರಿ."

ಆರಿದ ಮುದ್ದೆ ಅಂದರೆ ಏನೆಂದು ತಿಂದವರಿಗೇ ಗೊತ್ತು. ಬಿಸಿಯಲ್ಲಿ ಬೆಣ್ಣೆಯಂತೆ ಇಳಿಯುವ ಮುದ್ದೆ ಆರಿದ ಮೇಲೆ ಗಂಟಲಲ್ಲಿ ಹಟ ಹಿಡಿದು ಕೂರುತ್ತದೆ. ತಣ್ಣನೆ ಸಾರು, ತಣ್ಣನೆ ಕಾಫಿ, ಅಡಿಕೆಯಿಲ್ಲದ ಬರೀ ಎಲೆ. ಇಷ್ಟೆಲ್ಲ ತಪಸ್ಸು ಮಾಡಿದರೂ ಗಂಗಾಧರಪ್ಪನವರ ಉತ್ಸಾಹ ಕುಗ್ಗಲಿಲ್ಲ. ಹೆಗಲ ವಲ್ಲಿ ಹೆಗಲಿಗೆ ಮರಳಿತು. ಅವರು ಕೊಬ್ಬರಿ ಕೊಳ್ಳುವಾಗ ನಕ್ಕರು, ಮಾರುವಾಗ ನಕ್ಕರು, ಕಂದಾಯ ವಸೂಲಿಗೆ ಬಂದ ಶೇಕದಾರರನ್ನು ಕಂಡೂ ನಕ್ಕರು. ಯಾರದೋ ಮಣ್ಣಿಗೆ ಹೋದಾಗ ಮಾತ್ರ ಬಹಳ ಕಷ್ಟಪಟ್ಟು ಬಾಯಿ ಮುಚ್ಚಿಕೊಂಡಿದ್ದರು.

ಗಂಡುಕೂಸು ಹುಟ್ಟಿತು. ತೊಟ್ಟಿಲ ದಿನ ಹತ್ತಿರ ಬಂದಾಗ ಫೋಟೋ ನಾಯ್ಡುವಿನಿಂದ ಒಂದು ಕಾಗದ ಬಂತು. ಗಂಗಾಧರಪ್ಪನವರು ಅದನ್ನು ಪಡಸಾಲೆಯಲ್ಲಿ ನಿಂತು ಪುರಾಣ ಓದುವ ರಾಗದಲ್ಲಿ ಓದಿದರು. ಹಳದಿ ಮತ್ತು ಕೆಂಪು ಬಣ್ಣಗಳು ಪಟದಲ್ಲಿ ಕಪ್ಪಾಗಿ ಬೀಳುವುದರಿಂದ ಹೆಂಗಸರು ಹಳದಿ ಸೀರೆ ಉಡಬಾರದು, ಮುಖಕ್ಕೆ ಅರಿಶಿನ ಹಚ್ಚಬಾರದು.

"ಅರಿಶಿನ ಇಲ್ದೆ ಶುಭಕಾರ್ಯಕ್ಕೆ ಕುಂತ್ಕಳಾದಾ?" ಎಂದು ಮರುಳಸಿದ್ದಮ್ಮ ಸಿಡುಕಿದರು.

"ಇದು ಶಾಸ್ತ್ರ ಅಲ್ಲ ಕಣೆ, ವಿದ್ಯೆ. ಆ ಪೆಟ್ಟಿಗೆಗೆ ಹಳದಿ ಕಾಣಂಗಿಲ್ಲ. ನಿನಗಿದೆಲ್ಲ ಎಲ್ಲಿ ಗೊತ್ತಾಗ್ಬೇಕು? ಹೇಳಿದಷ್ಟು ಮಾಡು" ಎಂದು ಸಾಹುಕಾರರು ಕಾಗದವನ್ನು ಮಡಚಿ ಜೇಬಿಗಿಟ್ಟು, ಕನ್ನಡಿಯ ಮುಂದೆ ನಿಂತು, ತಮ್ಮ ಹಲ್ಲು ನೋಡಿಕೊಂಡರು. ಬೆಳಗಿನ ಬಿಸಿಲಿಗೆ ಅವು ಹಳದಿಯಾಗಿ ಝಗಝಗಿಸುತ್ತಿದ್ದವು.

ತೊಟ್ಟಿಲ ದಿನ ಅಂಗಳದಲ್ಲಿ ಜಮಖಾನ ಹಾಸಿ ಕುರ್ಚಿ ಹಾಕಿದರು. ಒಂದು ತುದಿಗೆ ಬೀಗ ಪರಮೇಶ್ವರಪ್ಪ, ಪಕ್ಕದಲ್ಲಿ ಅವರ ಹೆಂಡತಿ ವೀರಮ್ಮ, ನಡುವೆ ಕೂಸನ್ನೆತ್ತಿಕೊಂಡ ಮಗಳು ಅಳಿಯ, ಈ ತುದಿಗೆ ಗಂಗಾಧರಪ್ಪ ದಂಪತಿ. ಮರುಳಸಿದ್ದಮ್ಮ ಮುಖ ತೊಳೆದು ವಿಭೂತಿ ಮಾತ್ರ ಇಟ್ಟುಕೊಂಡು, ಬಿಳಿಯಂಚಿನ ನೀಲಿ ಸೀರೆಯುಟ್ಟು, ಅರಿಶಿನ ಬಿಡಿಸಿದ ಗಂಡನ ಮೇಲಿನ ಸಿಟ್ಟಿಗೆ ತುಟಿ ಬಿಗಿದುಕೊಂಡು ಕೂತಿದ್ದರು. ಎಲ್ಲರದೂ ಬಾಯಿ ಮುಚ್ಚಿತ್ತು. ಗಂಗಾಧರಪ್ಪನವರ ಬಾಯಿ ಮಾತ್ರ ಕಿವಿಯಿಂದ ಕಿವಿಗೆ ತೆರೆದಿತ್ತು.

ನಾಯ್ಡು ಕರಿಬಟ್ಟೆಯೊಳಗೆ ತಲೆ ಹಾಕಿದವನು ಹೊರಗೆ ತೆಗೆದ. "ಸಾಮೀ, ತಮ್ಮ ಬಾಯಿ ಸ್ವಲ್ಪ ಮುಚ್ರಿ."

"ಮುಚ್ಚಾಕೆ ಇಷ್ಟು ಕಷ್ಟ ಪಟ್ಟಿಲ್ಲಪ್ಪ. ನೀನು ತೆಗಿ."

"ಅದಲ್ಲ ಸಾಮೀ, ಆ ಹಲ್ಲು ಪಟದಾಗೆ..."

"ಪಟದಾಗೆ ಚಂದಾಗಿ ಬೀಳ್ಬೇಕು. ಅಷ್ಟೇ ನಿನ್ನ ಕೆಲ್ಸ."

ನಾಯ್ಡು ಮೂರನೆಯ ಸಲವೂ ಏನೋ ಹೇಳಲು ಬಂದ. ಗಂಗಾಧರಪ್ಪನವರಿಗೆ ಗುಮಾನಿ ಹುಟ್ಟಿತು. ಇವನನ್ನು ಕರೆಸಿದವರು ಬೀಗರು. ತಮ್ಮ ಬಂಗಾರ ಪಟದಲ್ಲಿ ಮಿಂಚಬಾರದೆಂದು ಅವರೇ ಹೇಳಿಕೊಟ್ಟಿರಬೇಕು! ಹಾಗೆ ಅನ್ನಿಸಿದ್ದೇ ತಡ, ಬಾಯಿ ಇನ್ನೂ ಒಂದು ಬೆರಳು ಅಗಲವಾಯಿತು. ನಾಯ್ಡು ಆಕಾಶ ನೋಡಿ ಮತ್ತೆ ಬಟ್ಟೆಯೊಳಗೆ ಹೋದ. "ಅಲ್ಲಾಡಬ್ಯಾಡ್ರಿ. ಉಸಿರು ಬಿಡಬ್ಯಾಡ್ರಿ."

ಸರಿಯಾಗಿ ಆ ಹೊತ್ತಿಗೆ ಹೋಳಿಗೆಯ ವಾಸನೆ ಹಿಡಿದು ಬಂದ ಒಂದು ನೊಣ ಮರುಳಸಿದ್ದಮ್ಮನವರ ಕೈಬಳೆಯ ಮೇಲೆ ಕೂತು, ಅಲ್ಲಿಂದ ಹಾರಿ, ಇಷ್ಟು ದೊಡ್ಡ ಬಾಗಿಲು ತೆರೆದದ್ದು ಕಂಡು, ಸಾಹುಕಾರರ ಚಿನ್ನದ ಹಲ್ಲಿನ ಹತ್ತಿರ ಗಸ್ತು ತಿರುಗತೊಡಗಿತು. ಅಲ್ಲಾಡುವಂತಿಲ್ಲ, ಮುಚ್ಚುವಂತಿಲ್ಲ, ಉಫ್ ಎನ್ನುವಂತಿಲ್ಲ. ಅವರ ಕಣ್ಣೆರಡೂ ಮೂಗಿನ ತುದಿಗೆ ಬಂದು ನಿಂತವು. ಓರೆಗಣ್ಣಿನಲ್ಲಿ ಇದನ್ನು ಕಂಡ ಮರುಳಸಿದ್ದಮ್ಮ ಎಷ್ಟು ತಡೆದರೂ ತಡೆಯಲಾರದೆ ನಕ್ಕುಬಿಟ್ಟರು. ಟಕ್ ಎಂದಿತು ಪೆಟ್ಟಿಗೆ.

ಐದನೆಯ ತಿಂಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ಗಂಡನ ಮನೆಗೆ ಬಿಟ್ಟು ಬರುವ ದಿನ ಬಂತು. ಗಂಡ ಹೆಂಡತಿ ಇಬ್ಬರೂ ತೊಟ್ಟಿಲು, ಬೆಲ್ಲ, ಕೊಬ್ಬರಿ ಕಟ್ಟಿಕೊಂಡು ಹೊಳಲ್ಕೆರೆಗೆ ಹೊರಟರು. ಪಟ ಆಗಲೇ ಅಲ್ಲಿಗೆ ಬಂದು ಗೋಡೆ ಏರಿತ್ತಂತೆ. ಗಂಗಾಧರಪ್ಪನವರು ಅದನ್ನಿನ್ನೂ ನೋಡಿರಲಿಲ್ಲ. ಗಾಡಿಯಲ್ಲಿ ದಾರಿಯುದ್ದಕ್ಕೂ ಅವರಿಗೆ ಅದೇ ಧ್ಯಾನ.

ಹೋದೊಡನೆ ಹೆಂಗಸರು ಕೂಸಿಗೆ ಆರತಿಯೆತ್ತಿ ಒಳಮನೆಗೆ ಹೋದರು. ಬೀಗರು ಹಿತ್ತಲಲ್ಲಿ ಸ್ನಾನಕ್ಕೆ ಇಳಿದಿದ್ದರು. ಪಡಸಾಲೆಯಲ್ಲಿ ಧರ್ಮಪುರದ ಕಡೆಯ ಕಡಲೆಕಾಯಿ ವ್ಯಾಪಾರಿ ಚಿಕ್ಕತಿಮ್ಮಪ್ಪ ಎಂಬುವನೊಬ್ಬ, ಬೀಗರಿಗಾಗಿ ಕಾಯುತ್ತ, ಗೋಡೆಯ ಪಟವನ್ನೇ ನೋಡುತ್ತ ಕೂತಿದ್ದ.

"ಬರ್ರಿ ಸ್ವಾಮಿ, ಕುಂತ್ಕಳ್ರಿ" ಎಂದು ಅವನು ಸರಿದು ಜಾಗ ಬಿಟ್ಟ. "ಏನು ಚಂದ ತೆಗದವ್ನೆ ನೋಡ್ರಿ ಪಟಾನ! ಈ ತುದಿಗೆ ಕುಂತಿರೋ ಹೆಣ್ಣುಮಗಳು ಯಾರು? ಮುಖ ಹೆಂಗೆ ಬೆಳಗ್ತೈತೆ, ಹಲ್ಲು ನೋಡಿದ್ರೆ ಮುತ್ತು ಪೋಣಿಸ್ದಂಗೆ ಅವೆ."

ಗಂಗಾಧರಪ್ಪನವರು ತಲೆಯೆತ್ತಿದರು. ಹೆಂಡತಿ ಮುತ್ತಿನಂತೆ ನಗುತ್ತಿದ್ದಳು. ಒಂದು ಕ್ಷಣ ಎದೆಯುಬ್ಬಿತು.

"ಪಕ್ಕದಾಗೆ ಕುಂತಿರೋ ಬೊಚ್ಚುಬಾಯಿ ಅಜ್ಜ ಅವರಪ್ಪ ಇರ್ಬೇಕು" ಎಂದ ಚಿಕ್ಕತಿಮ್ಮಪ್ಪ.

ಸಾಹುಕಾರರು ಎದ್ದು ಪಟದ ಹತ್ತಿರ ಹೋದರು. ಸರಿಗೆ ರುಮಾಲು ಅವರದೇ. ಅಂಗಿ ಅವರದೇ. ಅಗಲವಾಗಿ ತೆರೆದ ಬಾಯಿಯೂ ಅವರದೇ. ಆದರೆ ಆ ಬಾಯಿಯ ನಟ್ಟನಡುವೆ ಎರಡು ಚಿನ್ನದ ಹಲ್ಲಿರಬೇಕಾದ ಕಡೆ ಮಸಿಯಂತೆ ಕಪ್ಪಾದ ಒಂದು ಡೊಗರು. ಸಾಲದ್ದಕ್ಕೆ, ಮೂಗಿನ ತುದಿಗೆ ಕೂಡಿದ ಕಣ್ಣು. ತೊಂಬತ್ತು ವರ್ಷದ ಮುದುಕನೊಬ್ಬ ಹಸಿವೆಯಿಂದ ಬಾಯಿ ತೆರೆದಂತೆ ಕಾಣುತ್ತಿತ್ತು. ತಾವೇ ರಾಗವಾಗಿ ಓದಿದ ನಾಯ್ಡುವಿನ ಕಾಗದ ಆಗ, ಅಕ್ಷರ ಅಕ್ಷರವಾಗಿ, ನೆನಪಿಗೆ ಬಂತು. ಹಳದಿ ಬಣ್ಣ ಕಪ್ಪಾಗಿ ಬೀಳುತ್ತದೆ. ಅವರಿಗೆ ಅಳು ಬಂದಂತಾಯಿತು.

"ಯಾಕ್ ಸ್ವಾಮಿ, ನಿಮಗೆ ಗುರ್ತಿನೋರಾ ಆ ಅಜ್ಜ?"

'ನಾನೇ' ಎನ್ನಲು ಬಾಯಿ ತೆರೆದರು. ಚಿಕ್ಕತಿಮ್ಮಪ್ಪನ ಕಣ್ಣು ಅರಳಿತು. "ಆಹಾ! ಬಂಗಾರದ ಹಲ್ಲು! ಏನು ಲಕ್ಷಣವಾಗಿ ಅವೆ ಸ್ವಾಮಿ! ಪಾಪ, ಆ ಅಜ್ಜನಿಗೂ ಮನೆಯೋರು ಇಂಥಾವು ಎರಡು ಹಾಕಿಸಿದ್ರೆ ಎಷ್ಟು ಚಂದಾಗಿರ್ತಿತ್ತು."

ಇಷ್ಟು ದಿನ ಕಾದ ಹೊಗಳಿಕೆ ಕಡೆಗೂ ಬಂದಿತ್ತು. ಅದನ್ನು ಕೈಬಿಡಲು ಗಂಗಾಧರಪ್ಪನವರಿಗೆ ಮನಸ್ಸು ಬರಲಿಲ್ಲ. ಒಂದು ಮಾತಿನಿಂದ ಮರ್ಯಾದೆ ಉಳಿಯುವುದಾದರೆ ಉಳಿಯಲಿ ಎಂದುಕೊಂಡು, "ಹೂಂ. ಆಕಿ ಅಪ್ಪನೇ. ತೀರ್ಕಂಡ್ರು" ಎಂದುಬಿಟ್ಟರು.

ಚಿಕ್ಕತಿಮ್ಮಪ್ಪ ಲೊಚಗುಟ್ಟಿದ. ಒಳಬಾಗಿಲ ಹಿಂದೆ ಬಳೆಗಳು ಒಮ್ಮೆಲೇ ಝಲ್ಲೆಂದವು.

ಮರುಳಸಿದ್ದಮ್ಮ ಮದುವೆಯಾದ ಲಾಗಾಯ್ತು ಹೊರಗಿನ ಗಂಡಸರ ಜೊತೆ ದನಿಯೆತ್ತಿ ಮಾತಾಡಿದವರಲ್ಲ. ಇವತ್ತು ಬಾಗಿಲ ಮರೆಯಿಂದಲೇ ಇಡೀ ಪಡಸಾಲೆಗೆ ಕೇಳುವಂತೆ ಹೇಳಿದರು. "ಏನಪ್ಪ, ಆ ಪಟದಾಗಿರೋದು ನಮ್ಮಪ್ಪ ಅಲ್ಲ. ನಮ್ಮಪ್ಪ ಸಾಯೋ ದಿನಾನೂ ಮೂವತ್ತೆರಡು ಹಲ್ಲಿಟ್ಕಂಡು ಕಬ್ಬು ತಿಂದೋನು. ಅದು ನಮ್ಮ ಮನೆಯೋರು. ಆ ಪಟದ ಮುಂದೇ ನಿಂತವ್ರೆ, ನೋಡ್ಕ." ಆಮೇಲೆ ದನಿ ಇನ್ನೂ ಒಂದು ಮೆಟ್ಟಿಲೇರಿತು. "ಏನ್ರಿ, ನಮ್ಮಪ್ಪ ಕೊಟ್ಟ ಉಂಗುರ ಕರಗಿಸಿದ್ರಿ, ಸುಮ್ಮನಿದ್ದೆ. ಈಗ ನಮ್ಮಪ್ಪನ ಹಲ್ಲೂ ಉದುರಿಸ್ತೀರಾ?"

ಚಿಕ್ಕತಿಮ್ಮಪ್ಪ ಒಮ್ಮೆ ಪಟ ನೋಡಿದ, ಒಮ್ಮೆ ಸಾಹುಕಾರರನ್ನು ನೋಡಿದ. ಅವನಿಗೆ ನಂಬಿಕೆ ಬರಲಿಲ್ಲ. "ಇಲ್ರಮ್ಮ, ಹೋಲಿಕೆ ಇಲ್ವಲ್ಲ" ಎಂದ.

ಅಷ್ಟರಲ್ಲಿ ಬೀಗ ಪರಮೇಶ್ವರಪ್ಪ ಸ್ನಾನ ಮುಗಿಸಿ, ಮಲ್ಲಿಗೆ ಮೊಗ್ಗೆಲ್ಲ ತೋರಿಸುತ್ತ, ಕೈಯಲ್ಲೊಂದು ಗಂಟು ಹಿಡಿದು ಬಂದರು. "ಬೀಗ್ರು ಬಂದ್ರಾ! ನಿಮಗೇ ಅಂತ ತರಿಸಿಟ್ಟೀನಿ ನೋಡ್ರಿ. ಚಿನ್ನದ ಹಲ್ಲು ಹಾಕಿಸ್ದಾಗಿಂದ ಅಡಿಕೆ ಬಿಟ್ಟವ್ರೆ ಅಂತ ಬೀಗಿತ್ತಿ ನಮ್ಮ ಮನೆಯಾಕಿ ಹತ್ರ ಹೇಳಿ ನೊಂದ್ಕಂಡ್ರಂತೆ. ನನ್ನ ಕರುಳು ಚುರ್ ಅಂತು. ಗಂಡಸು ಅಡಿಕೆ ಬಿಟ್ಟು ಹೆಂಗೆ ಬದುಕ್ತಾನೆ?" ಅವರ ಮಾತಿನಲ್ಲಿ ಕುಹಕದ ಎಳೆಯೂ ಇರಲಿಲ್ಲ. ಗಂಟು ಬಿಚ್ಚಿದರು. ಒಳಗೆ ಹೊಳೆಹೊಳೆಯುವ ಹಿತ್ತಾಳೆಯ ಕುಟ್ಟಾಣಿ. ಹಲ್ಲೆಲ್ಲ ಉದುರಿದ ಅಜ್ಜ ಅಜ್ಜಿಯರು ಎಲೆ ಅಡಿಕೆ ಕುಟ್ಟಿಕೊಳ್ಳುವ ಪುಟ್ಟ ಒರಳು.

ಬೇಡವೆನ್ನುವಂತಿಲ್ಲ, ಬೀಗರ ಉಡುಗೊರೆ. ಮೇಲಾಗಿ, ನಿಜ ಹೇಳಬೇಕೆಂದರೆ, ತಿಂಗಳುಗಟ್ಟಲೆ ಅಡಿಕೆ ಕಾಣದ ಬಾಯಿ. ಗಂಗಾಧರಪ್ಪನವರು ಪಟದ ಕೆಳಗೇ ಗೋಡೆಗೊರಗಿ ಕೂತು, ಕುಟ್ಟಾಣಿಯನ್ನು ಮಂಡಿಯ ನಡುವೆ ಇಟ್ಟುಕೊಂಡು, ತಲೆತಗ್ಗಿಸಿ, ಟಕ್ ಟಕ್ ಎಂದು ಕುಟ್ಟತೊಡಗಿದರು. ಕುಟ್ಟಿದ್ದನ್ನು ಬೆರಳಿನಿಂದ ತೆಗೆದು ಬಾಯಿ ಅಗಲ ಮಾಡಿ ಒಳಗೆ ಹಾಕಿಕೊಂಡರು.

ಚಿಕ್ಕತಿಮ್ಮಪ್ಪ ಪಟದಿಂದ ಕುಟ್ಟಾಣಿಗೆ, ಕುಟ್ಟಾಣಿಯಿಂದ ಪಟಕ್ಕೆ ಎರಡು ಸಲ ನೋಡಿ, ಸಮಾಧಾನದಿಂದ ತಲೆದೂಗಿದ.

"ಹೌದ್ರಮ್ಮ, ನೀವು ಹೇಳಿದ್ದೇ ಖರೆ. ಈಗ ಗುರ್ತು ಸಿಕ್ತು ಬಿಡ್ರಿ."